ಹತ್ತರಲ್ಲಿ ಎಷ್ಟು ಹೋದರೆ ಏಳು

ಹೊಳೆ ಬಾಗುವ ಕಡೆ ಒಂದು ಆಶ್ರಮ. ಎರಡು ಗುಡಿಸಲು, ಸುತ್ತ ಒಂದು ಬೇಲಿ, ಒಂದು ಹೊಂಗೆ ಮರ. ಅಷ್ಟೇ.

ಅಲ್ಲಿನ ಗುರುವನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಅವರ ಶಿಷ್ಯ ಹಾಲಪ್ಪ. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಕೆಲಸ ಅವನದು.

ಮಕ್ಕಳು ಹತ್ತು ಮಂದಿ. ಏಳು ಮಂದಿ ದಿಕ್ಕಿಲ್ಲದೆ ಬಂದು ಅಲ್ಲೇ ಬೆಳೆಯುತ್ತಿದ್ದವರು. ಮೂವರು ಹೊಸಬರು. ಹೊಳೆದಂಡೆಯಲ್ಲಿ ಗುಡಾರ ಹಾಕಿಕೊಂಡು ಕಲ್ಲು ಒಡೆಯುತ್ತಿದ್ದವರ ಮಕ್ಕಳು. ಬೆಳಿಗ್ಗೆ ಬರುವರು, ಕಲಿಯುವರು, ಎಲ್ಲರ ಜೊತೆ ಕೂತು ಉಣ್ಣುವರು, ಸಂಜೆ ಗುಡಾರಕ್ಕೆ ಓಡುವರು.

ಆ ಮೂವರಲ್ಲಿ ಒಬ್ಬಳ ಹೆಸರು ಹುಲಿಗಿ.

ಒಂದು ಬೆಳಿಗ್ಗೆ ಹಾಲಪ್ಪ ಮರಳಿನ ಮೇಲೆ ಕಡ್ಡಿಯಲ್ಲಿ ಬರೆದ.

೪ + □ = ೬

"ಈ ಚೌಕದಲ್ಲಿ ಇದ್ದ ಅಂಕಿ ಕಾಣೆಯಾಗಿದೆ. ಹುಲಿಗಿ, ನೀನು ಹುಡುಕು."

ಹುಲಿಗಿ ಮುಖ ಗಂಟು ಹಾಕಿಕೊಂಡಳು.

"ನಾನು ತಗೊಂಡಿಲ್ಲ."

ಮಕ್ಕಳು ನಕ್ಕರು.

"ತಗೊಂಡಿದ್ದೀಯ ಅಂತ ಯಾರು ಹೇಳಿದರು? ಹುಡುಕು ಅಂದೆ."

"ಯಾಕೆ ನಾನೇ ಹುಡುಕಬೇಕು? ಊರಲ್ಲಿ ಕೋಳಿ ಕಾಣೆಯಾದರೂ ನಮ್ಮ ಗುಡಾರಕ್ಕೇ ಬರ್ತಾರೆ. ಚೊಂಬು ಕಾಣೆಯಾದರೂ ನಮ್ಮ ಗುಡಾರಕ್ಕೇ ಬರ್ತಾರೆ. ಈಗ ಅಂಕಿನೂ ನಾವೇ ಕದ್ವಾ?"

"ಎಲಾ ಇವಳ! ಲೆಕ್ಕ ಕೇಳಿದರೆ ಪಂಚಾಯ್ತಿ ಮಾಡ್ತಾಳೆ."

"ಯಾರು ಕಳಕೊಂಡರೋ ಅವರೇ ಹುಡುಕ್ಕೊಳ್ಳಲಿ."

ಹಾಲಪ್ಪನಿಗೆ ರೇಗಿತು. ಎದ್ದು ಹೋಗಿ ಮರದ ಕೆಳಗಿದ್ದ ಅಜ್ಜಯ್ಯನಿಗೆ ಹೇಳಿದ.

"ಈ ಹುಡುಗಿಗೆ ಲೆಕ್ಕ ಹತ್ತಲ್ಲ ಅಜ್ಜಯ್ಯ. ಬರೀ ವಾದ."

"ಏನಂದಳು?"

ಹಾಲಪ್ಪ ಎಲ್ಲ ಹೇಳಿದ.

ಅಜ್ಜಯ್ಯ ಕೇಳಿದರು, "ಆ ಅಂಕಿಯನ್ನ ಬಚ್ಚಿಟ್ಟಿದ್ದು ಯಾರು?"

"ಅಂದರೆ?"

"ಆರು ಅಂತ ನಿನಗೆ ಗೊತ್ತಿತ್ತು. ನಾಲ್ಕು ಬರೆದೆ. ಉಳಿದದ್ದನ್ನ ಬರೆಯದೆ ಚೌಕ ಹಾಕಿದೆ. ಬಚ್ಚಿಟ್ಟವನು ನೀನು. ಕಾಣೆಯಾಗಿದೆ ಅಂತ ಅವಳನ್ನ ಹಿಡಕೊಂಡರೆ ಅವಳು ಬಿಡ್ತಾಳಾ?"



ಅಜ್ಜಯ್ಯ ಬಂದು ಮಕ್ಕಳ ನಡುವೆ ಕೂತರು. ಆರು ಶೇಂಗಾ ತೋರಿಸಿದರು. ನಾಲ್ಕನ್ನು ಮರಳಿನ ಮೇಲಿಟ್ಟರು. ಉಳಿದದ್ದು ಮುಷ್ಟಿಯೊಳಗೆ.

"ಹುಲಿಗಿ, ನಾನೇ ಕಳ್ಳ. ಎಷ್ಟು ಕದ್ದಿದ್ದೀನಿ ಹೇಳು."

"ಎರಡು."

"ಹೆಂಗೆ ಗೊತ್ತಾಯ್ತು? ಮುಷ್ಟಿ ಬಿಚ್ಚಿಲ್ಲವಲ್ಲ."

"ನಾಲ್ಕು ಇಲ್ಲಿದೆ. ಆರು ಆಗೋಕೆ ಐದು, ಆರು. ಎರಡು. ಕೊಡಿ ಇತ್ಲಾಗೆ."

ಕೊಟ್ಟರು. ಅವಳು ಸುಲಿದು ತಿಂದಳು.

"ಲೆಕ್ಕ ಹತ್ತಿತಲ್ಲವ್ವ!"

"ನೀವು ತಿನ್ಸೋಕೆ ಬಚ್ಚಿಡ್ತೀರಿ. ಹಾಲಪ್ಪಣ್ಣ ಬರೀ ಬಯ್ಯೋಕೆ ಬಚ್ಚಿಡ್ತಾನೆ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಹಾಲಪ್ಪನೂ ನಕ್ಕ. ಆದರೆ ಒಳಗೆ ಚುಚ್ಚಿತು.

ಮಾರನೇ ದಿನದಿಂದ ಅವನು ಬೆರಳು ಮಡಿಸಿ ಎಣಿಸುವುದನ್ನು ಬಿಡಿಸಿದ. ಒಂದು ಸೂತ್ರ ಕೊಟ್ಟ.

"ಚೌಕ ಕಂಡರೆ ಏನೂ ಯೋಚನೆ ಮಾಡಬೇಡಿ. ಎರಡು ಅಂಕಿ ಕಾಣ್ತವೆ. ದೊಡ್ಡದರಲ್ಲಿ ಚಿಕ್ಕದನ್ನ ಕಳೀರಿ. ಅದೇ ಉತ್ತರ. ಮುಗೀತು."

ಮಕ್ಕಳಿಗೆ ಖುಷಿಯೋ ಖುಷಿ. ಐದಕ್ಕೆ ಎಷ್ಟು ಸೇರಿದರೆ ಒಂಬತ್ತು? ನಾಲ್ಕು. ಎಂಟರಲ್ಲಿ ಎಷ್ಟು ಹೋದರೆ ಆರು? ಎರಡು. ಚೌಕ ಹಾಕುವುದೇ ತಡ, ಉತ್ತರ ಬೀಳುತ್ತಿತ್ತು.

ಹುಲಿಗಿ ಮಾತ್ರ ಬೆರಳು ಮಡಿಸುತ್ತಲೇ ಇದ್ದಳು.

"ಸೂತ್ರ ಹೇಳಿಲ್ವೇನೇ ನಿನಗೆ?"

"ಹೇಳಿದ್ದೀರಿ. ನನಗೆ ನನ್ನ ಬೆರಳೇ ಸಾಕು."

ಆ ಆಶ್ರಮಕ್ಕೆ ಹೊಲವಿಲ್ಲ, ಕಣಜವಿಲ್ಲ. ಭಿಕ್ಷೆಯ ಅನ್ನ. ಸಣ್ಣ ಊರು, ಇದ್ದದ್ದೇ ಏಳು ಮನೆ. ಏಳನ್ನೂ ಗೊತ್ತು ಮಾಡಿದ್ದರು. ಒಂದೊಂದು ಮನೆ ಒಂದೊಂದು ಮಗುವಿನ ಹೊಟ್ಟೆಗಾಗುವಷ್ಟು ರೊಟ್ಟಿ, ಪಲ್ಯ ಕೊಡಬೇಕು. ಬೆಳಿಗ್ಗೆ ಹಾಲಪ್ಪ ಜೋಳಿಗೆ ಹಾಕಿಕೊಂಡು ಹೊರಡುವನು. ಬಾಗಿಲ ಮುಂದೆ ನಿಂತು "ಭಿಕ್ಷಾ ತಾಯೀ" ಎನ್ನುವನು. ಹಿಂದಿನ ಗುರುಗಳ ಕಾಲದಿಂದ ನಡೆದುಬಂದ ಪದ್ಧತಿ. ಆ ಏಳು ಮನೆ ದಾಟಿ ಜೋಳಿಗೆ ಬೇರೆ ಕಡೆ ಹೋದದ್ದಿಲ್ಲ.

ಏಳರಲ್ಲಿ ಮೊದಲನೆಯದು ಕೆಂಚನಗೌಡರ ಮನೆ.

ಒಂದು ದಿನ ರೊಟ್ಟಿ ಹಿಡಿದು ಗೌಡರೇ ಹೊರಗೆ ಬಂದರು. ಜೋಳಿಗೆಗೆ ಹಾಕಲಿಲ್ಲ.

"ಹಾಲಪ್ಪ, ಆಶ್ರಮದಲ್ಲಿ ಎಷ್ಟು ಮಕ್ಕಳು?"

"ಹತ್ತು, ಗೌಡ್ರೇ."

"ಮನೆ ಎಷ್ಟು?"

"ಏಳು."

"ಮತ್ತೆ ಆ ಮೂರು ಎಲ್ಲಿಂದ ಬಂದವು?"

ಹಾಲಪ್ಪ ನೆಲ ನೋಡಿದ.

"ನನಗೆ ಗೊತ್ತು ಎಲ್ಲಿಂದ ಬಂದವು ಅಂತ. ನಮ್ಮ ಮನೆಯವಳು ಮಡಿಯಲ್ಲಿ ತಟ್ಟಿದ ರೊಟ್ಟಿ ಆ ಗುಡಾರದವರ ಬಾಯಿಗೆ ಹೋಗ್ತಿದೆ. ಏಳು ಮನೆ, ಏಳು ಮಕ್ಕಳು. ನಾಳೆಯಿಂದ ಅಷ್ಟೇ ಇರಬೇಕು. ಇಲ್ಲ ಅಂದರೆ ಏಳು ಮನೆಯವರೂ ಒಂದೇ ಮಾತು. ನಿನ್ನ ಅಜ್ಜಯ್ಯಂಗೆ ಹೇಳು."

ರೊಟ್ಟಿ ಜೋಳಿಗೆಗೆ ಬಿತ್ತು.

ಹಾಲಪ್ಪ ಬಂದು ಹೇಳಿದ. ಅಜ್ಜಯ್ಯ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ಏನು ಮಾಡೋಣ ಅಜ್ಜಯ್ಯ?"

"ಲೆಕ್ಕದ ಮೇಷ್ಟ್ರು ನೀನು. ನೀನೇ ಬಿಡಿಸು."

ಹಾಲಪ್ಪ ಹೊಳೆದಂಡೆಗೆ ಹೋಗಿ ಕೂತ. ಕಡ್ಡಿ ಹಿಡಿದು ಬರೆದ.

೧೦ − □ = ೭

ದೊಡ್ಡದರಲ್ಲಿ ಚಿಕ್ಕದು ಕಳೆದ. ಮೂರು.

ಲೆಕ್ಕ ಸರಿಯಾಗಿತ್ತು. ಹತ್ತರಲ್ಲಿ ಮೂರು ಹೋದರೆ ಏಳೇ. ಯಾರು ಬೇಕಾದರೂ ತಾಳೆ ನೋಡಬಹುದು.

ಸಂಜೆ ಆ ಮೂವರನ್ನು ಬೇಲಿಯ ಹತ್ತಿರ ಕರೆದ. ಹುಲಿಗಿ, ಅವಳ ಪಕ್ಕದ ಗುಡಾರದ ಸಣ್ತಿಮ್ಮ, ಅದರಾಚೆಯ ಅಂಜಿನಿ.

"ನಾಳೆಯಿಂದ ನೀವು ಬರಬೇಡಿ."

ಸಣ್ತಿಮ್ಮ, ಅಂಜಿನಿ ತಲೆ ತಗ್ಗಿಸಿದರು. ಹುಲಿಗಿ ತಗ್ಗಿಸಲಿಲ್ಲ.

"ನಾನು ಲೆಕ್ಕ ತಪ್ಪು ಹೇಳಿದ್ನಾ?"

"ಇಲ್ಲ."

"ಮತ್ತೆ?"

"ರೊಟ್ಟಿ ಏಳೇ ಜನಕ್ಕೆ ಬರೋದು."

"ಇಷ್ಟು ದಿನ ಹತ್ತು ಜನ ತಿಂದ್ವಲ್ಲ."

"ಹುಲಿಗಿ, ವಾದ ಬೇಡ. ಇದು ಲೆಕ್ಕ."

"ನಾಳೆ ಬರ್ತೀನಿ."

"ಬರಬೇಡ ಅಂದೆ."

"ಒಳಗೆ ಬರಲ್ಲ. ಬೇಲಿ ಆಚೆ ನಿಂತ್ಕೋತೀನಿ. ಆಚೆ ನಿಂತವರನ್ನ ನೀವು ಎಣಿಸಬೇಡಿ."

ಹೋದಳು. ಹಿಂದಿರುಗಿ ನೋಡಲಿಲ್ಲ.

ಬೆಳಗಾಯಿತು. ಹಾಲಪ್ಪ ಏಳು ಮನೆ ತಿರುಗಿ ಬಂದ. ಮಕ್ಕಳು ಈಗ ಏಳೇ ಎಂದು ಅವನು ಹೇಳಿದ್ದಕ್ಕೆ ಗೌಡರು ಅಂದು ಒಂದು ರೊಟ್ಟಿ ಹೆಚ್ಚಿಗೆ ಹಾಕಿದ್ದರು. ಜಾಣ ಅಂತ ಬೆನ್ನು ತಟ್ಟಿದ್ದರು.

ಆಶ್ರಮದಲ್ಲಿ ಏಳು ಮಕ್ಕಳು ಕೂತಿದ್ದರು. ನಡುನಡುವೆ ಜಾಗ ಬಿಟ್ಟಿತ್ತು. ಸರಿದು ಕೂತುಕೊಳ್ಳಿ ಎಂದರೆ ಯಾರೂ ಸರಿಯಲಿಲ್ಲ.

ಅಜ್ಜಯ್ಯ ಬಂದರು.

"ಹಾಲಪ್ಪ, ಇವತ್ತು ಪಾಠ ನಾನು ಮಾಡ್ತೀನಿ. ನೀನು ಮಕ್ಕಳ ಜೊತೆ ಕೂತ್ಕೋ."

ಹಾಲಪ್ಪ ಕೂತ. ಅಜ್ಜಯ್ಯ ಕಡ್ಡಿ ಹಿಡಿದು ಬರೆದರು.

□ − ೩ = ೭

"ಹೇಳ್ರಪ್ಪ. ಚೌಕದಲ್ಲಿ ಏನಿತ್ತು?"

ಮಕ್ಕಳಿಗೆ ಸೂತ್ರ ಬಾಯಿಗೆ ಬಂದಿತ್ತು. ಏಳರಲ್ಲಿ ಮೂರು ಕಳೆದರು.

"ನಾಲ್ಕು!"

ಅಜ್ಜಯ್ಯ ಹಾಲಪ್ಪನ ಕಡೆ ನೋಡಿದರು.

"ನೀನೇನಂತೀಯ?"

ಅವನ ಮನಸ್ಸು ಎಲ್ಲೋ ಇತ್ತು. "ನಾಲ್ಕು," ಎಂದ.

"ಭಲೇ. ಒಟ್ಟು ನಾಲ್ಕು ಜನ ಇದ್ದರು. ಅದರಲ್ಲಿ ಮೂರು ಜನ ಎದ್ದು ಹೋದರು. ಹೋದ ಮೇಲೆ ಏಳು ಜನ ಉಳಿದರು! ಎಂಥಾ ಪವಾಡ ಮಾಡಿದೆಯೋ ಹಾಲಪ್ಪ! ನಿನ್ನ ಆಶ್ರಮದಲ್ಲಿ ಜನ ಹೋದಷ್ಟೂ ಜಾಸ್ತಿ ಆಗ್ತಾರೆ!"

ಮೊದಲು ಒಬ್ಬನಿಗೆ ಅರ್ಥವಾಗಿ ನಕ್ಕ. ಆಮೇಲೆ ಎಲ್ಲರೂ ನಕ್ಕರು.

ಹಾಲಪ್ಪನ ಕಿವಿ ಕೆಂಪಾದವು. ಸೂತ್ರ ಬಿಟ್ಟರೆ ಅವನಿಗೆ ಬೇರೆ ದಾರಿ ಹೊಳೆಯಲಿಲ್ಲ.

ಬೇಲಿಯ ಆಚೆಯಿಂದ ದನಿ ಬಂತು.

"ಹತ್ತು!"

"ಯಾರದು?" ಎಂದರು ಅಜ್ಜಯ್ಯ.

"ಯಾರೂ ಇಲ್ಲ. ನಮ್ಮನ್ನ ಎಣಿಸಿಲ್ಲ."

"ಎಣಿಸದವರೇ, ಹತ್ತು ಹೆಂಗೆ ಬಂತು?"

"ಹೋದವರನ್ನ ವಾಪಸ್ ಕೂರಿಸಿ. ಏಳು ಆದ ಮೇಲೆ ಎಂಟು, ಒಂಬತ್ತು, ಹತ್ತು."

ಅಜ್ಜಯ್ಯ ಹಾಲಪ್ಪನನ್ನು ಕೇಳಿದರು, "ನಿನ್ನ ಸೂತ್ರ ಎಲ್ಲಿ ಕೈ ಕೊಡ್ತು?"

ಹಾಲಪ್ಪ ನಿಧಾನವಾಗಿ ಹೇಳಿದ.

"ಚೌಕ ಮೊದಲಲ್ಲಿದ್ದರೆ ನಡೆಯಲ್ಲ ಅಜ್ಜಯ್ಯ. ಎಷ್ಟಿದ್ದರು ಅಂತ ತಿಳೀಬೇಕು ಅಂದರೆ ಹೋದವರನ್ನ ಸೇರಿಸಬೇಕು."

"ಸೇರಿಸು."

"ಅಜ್ಜಯ್ಯ..."

"ಲೆಕ್ಕಕ್ಕೆ ಮಾತ್ರ ಸೇರಿಸ್ತೀಯೋ, ಬೇಲಿ ಬಾಗಿಲೂ ತೆಗೀತೀಯೋ?"

ಹಾಲಪ್ಪ ಎದ್ದ. ಅರ್ಧ ದಾರಿ ಹೋಗಿ ನಿಂತ.

"ತೆಗೆದರೆ ಏಳು ಮನೆ ಮುಚ್ಚುತ್ತೆ. ಇವರೂ ಉಪವಾಸ, ಅವರೂ ಉಪವಾಸ. ಇರೋ ರೊಟ್ಟಿ ಏಳು ಜನದ್ದು. ನಾನೇನು ಮಾಡಲಿ?"

"ಅದನ್ನ ಬರಿ."

ಹಾಲಪ್ಪ ಕಡ್ಡಿ ತೆಗೆದುಕೊಂಡು ಬರೆದ.

೭ + □ = ೧೦

"ಚೌಕದಲ್ಲಿ ಎಷ್ಟು?"

"ಮೂರು."

"ನಿನ್ನೆ ನಿನ್ನ ಚೌಕದಲ್ಲಿ ಎಷ್ಟು ಬಂತು?"

"ಮೂರೇ."

"ನಿನ್ನೆಯ ಮೂರು ಏನು?"

"ಹೊರಗೆ ಕಳಿಸಬೇಕಾದ ಮಕ್ಕಳು."

"ಇವತ್ತಿನದು?"

ಹಾಲಪ್ಪ ಚೌಕದ ಮೇಲೆ ಬೆರಳಿಟ್ಟ.

"ಇನ್ನೂ ಬೇಕಾದ ಮನೆ."

"ಎರಡೂ ಲೆಕ್ಕ ಸರಿನೇ. ನಿನ್ನೆ ನಿನಗೆ ಈ ಲೆಕ್ಕ ಯಾಕೆ ಹೊಳೆಯಲಿಲ್ಲ?"

"ಕೊಡೋ ಮನೆ ಏಳೇ ಅಜ್ಜಯ್ಯ."

"ಕೊಡೋ ಮನೆ ಏಳಾ, ನಾವು ಕೇಳಿದ ಮನೆ ಏಳಾ?"

ಹಾಲಪ್ಪ ಹೊಳೆಯ ಕಡೆ ತಿರುಗಿದ.

"ಉಳಿದಿರೋದು ಗುಡಾರಗಳು. ಅಲ್ಲಿಗೆ ನಮ್ಮ ಜೋಳಿಗೆ ಯಾವತ್ತೂ ಹೋಗಿಲ್ಲ."

"ಹೌದಾ? ಹಂಗಾದರೆ ಅದಕ್ಕೆ ದಾರಿ ಗೊತ್ತಿರಲ್ಲ. ನಾನು ತೋರಿಸ್ತೀನಿ."

ಅಜ್ಜಯ್ಯ ಅವನ ಹೆಗಲಿಂದ ಜೋಳಿಗೆ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಅದರೊಳಗೆ ಏಳು ಮನೆಯ ರೊಟ್ಟಿ ಇನ್ನೂ ಬಿಸಿಯಾಗಿದ್ದವು.

ಬೇಲಿಯ ಬಾಗಿಲನ್ನು ಹಾಲಪ್ಪನೇ ತೆಗೆದ. ಆಚೆ ನಿಂತಿದ್ದ ಮೂವರು ಮಕ್ಕಳು ಒಳಗೆ ಹೋಗಲಿಲ್ಲ. ಗುಡಾರದ ಕಡೆ ಹೊರಟ ಅಜ್ಜಯ್ಯ, ಹಾಲಪ್ಪನ ಹಿಂದೆಯೇ ಓಡಿ ಬಂದರು.

ಗುಡಾರದ ಮುಂದೆ ಹುಲಿಗಿಯ ತಾಯಿ ದುರುಗವ್ವ ಒಲೆ ಮುಂದೆ ಕೂತಿದ್ದಳು. ಜೋಳಿಗೆ ಕಂಡು ಎದ್ದು ನಿಂತಳು.

"ಭಿಕ್ಷಾ ತಾಯೀ," ಎಂದರು ಅಜ್ಜಯ್ಯ.

ದುರುಗವ್ವ ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಸ್ವಾಮಿ, ನಿನ್ನೆ ನನ್ನ ಮಗಳನ್ನ ಹೊರಗೆ ಹಾಕಿದಿರಿ. ಇವತ್ತು ನನ್ನ ರೊಟ್ಟಿ ಒಳಗೆ ಬೇಕಾ?"

"ಹೌದು ತಾಯಿ."

"ನಾಚಿಕೆ ಆಗಲ್ವಾ?"

"ಆಗುತ್ತೆ. ನಾಚಿಕೆ ಇಟ್ಟುಕೊಂಡೇ ಬಂದಿದ್ದೀನಿ."

ಹಾಲಪ್ಪ ಮುಂದೆ ಬಂದ. "ಅವ್ವಾ, ಹೊರಗೆ ಹಾಕಿದ್ದು ಅಜ್ಜಯ್ಯ ಅಲ್ಲ. ನಾನು."

"ನೀನಾ? ಲೆಕ್ಕ ಹೇಳಿಕೊಡೋನು ನೀನೇನಾ? ಇವಳು ಮನೆಗೆ ಬಂದರೆ ದಿನಾ ನಿಂದೇ ಪುರಾಣ. ಬೈತಾಳೆ, ಆಮೇಲೆ ನೀನು ಹಾಕಿದ ಲೆಕ್ಕನೇ ಕಲ್ಲಿನ ಚಕ್ಕೆ ಇಟ್ಟುಕೊಂಡು ಆಡ್ತಾಳೆ."



ದುರುಗವ್ವ ಅಜ್ಜಯ್ಯನ ಕಡೆ ತಿರುಗಿದಳು.

"ನಮ್ಮ ರೊಟ್ಟಿ ಆ ಜೋಳಿಗೆಗೆ ಬಿದ್ದರೆ ಊರವರು ಸುಮ್ಮನಿರ್ತಾರಾ?"

"ಇರಲ್ಲ."

"ಗೊತ್ತಿದ್ದೂ ಕೇಳ್ತೀರಾ?"

"ಮಕ್ಕಳು ಹತ್ತು ಇದ್ದಾರೆ. ಏಳು ಮನೆ ಸಾಲಲ್ಲ."

ದುರುಗವ್ವ ಒಳಗೆ ಹೋದಳು. ದಪ್ಪ ರೊಟ್ಟಿ, ಮೇಲೆ ಒಂದು ಮುದ್ದೆ ಹುಚ್ಚೆಳ್ಳು ಚಟ್ನಿ ತಂದಳು. ಜೋಳಿಗೆಗೆ ಹಾಕುವ ಮೊದಲು ಕೈ ತಡೆದಳು.

"ಒಂದಿನದ ಮಾತಾ, ದಿನಾ ಬರ್ತೀರಾ? ಒಂದಿನಕ್ಕಾದರೆ ಬೇಡ. ಬಂದು ನಮ್ಮನ್ನ ಉದ್ಧಾರ ಮಾಡಿ ಹೋದೆ ಅಂತ ಅಂದ್ಕೋಬೇಡಿ."

"ದಿನಾ ಬರ್ತೀವಿ. ನೀನು ಕೊಡಲ್ಲ ಅಂದರೂ ಬರ್ತೀವಿ."

ರೊಟ್ಟಿ ಹಾಕಿದಳು.

ಸಣ್ತಿಮ್ಮನ ಗುಡಾರದಲ್ಲಿ ಕೊಟ್ಟರು. ಅಂಜಿನಿಯ ಗುಡಾರದಲ್ಲಿ ಅವಳ ಅಜ್ಜಿ ಕೊಟ್ಟು, ಅಜ್ಜಯ್ಯನ ಗಡ್ಡ ಹಿಡಿದು ನೋಡಿ ನಕ್ಕಳು.

ಆಶ್ರಮಕ್ಕೆ ಬಂದರು. ಹತ್ತು ಮಕ್ಕಳು ಸಾಲಾಗಿ ಕೂತರು. ಖಾಲಿ ಬಿಟ್ಟಿದ್ದ ಜಾಗ ತುಂಬಿತು.

ಹಾಲಪ್ಪ ಜೋಳಿಗೆ ಬಿಚ್ಚುವಾಗ ಕೆಂಚನಗೌಡರು ಬಂದರು. ಮಕ್ಕಳು ಏಳಾದರೋ ಇಲ್ಲವೋ ನೋಡಿಕೊಂಡು ಹೋಗಲು ಬಂದಿದ್ದರು. ಹಿಂದೆ ಇಬ್ಬರು ಆಳುಗಳು.

ಸಾಲಿನ ಮೇಲೆ ಕಣ್ಣಾಡಿಸಿದರು. ನಡುವೆ ಹುಲಿಗಿ ಕೂತಿದ್ದಳು. ಅವರನ್ನೇ ನೋಡುತ್ತಿದ್ದಳು.

"ಅಜ್ಜಯ್ಯ, ಏನಿದು? ಆಶ್ರಮದಲ್ಲಿ ಎಷ್ಟು ಮಕ್ಕಳು?"

ಅಜ್ಜಯ್ಯ ಹೇಳಿದರು, "ಲೆಕ್ಕದ ಮೇಷ್ಟ್ರು ಅಲ್ಲೇ ಇದ್ದಾನೆ. ಅವನನ್ನ ಕೇಳಿ."

ಗೌಡರು ಹಾಲಪ್ಪನ ಕಡೆ ತಿರುಗಿದರು.

ಹಾಲಪ್ಪ ಬೆಳೆದದ್ದೇ ಈ ಏಳು ಮನೆಯ ರೊಟ್ಟಿ ತಿಂದು. ಗೌಡರ ಮುಖ ನೋಡಿ ಇಲ್ಲ ಎನ್ನುವ ಅಭ್ಯಾಸವೇ ಅವನಿಗಿರಲಿಲ್ಲ.

"ಹತ್ತು," ಎಂದ.

"ಬೆಳಿಗ್ಗೆ ಏಳು ಅಂದಿದ್ದೆ!"

"ಬೆಳಿಗ್ಗೆ ತಪ್ಪು ಮಾಡಿದ್ದೆ ಗೌಡ್ರೇ. ಹೋದವರನ್ನ ಸೇರಿಸಿರಲಿಲ್ಲ."

"ಹುಷಾರಾಗಿ ಮಾತಾಡು. ರೊಟ್ಟಿ ಎಷ್ಟು ಮನೆಯದು?"

"ಅದೂ ಹತ್ತು."

"ಹತ್ತಾ? ಇನ್ನು ಮೂರು ಯಾವ ಮನೆ?"

ಹಾಲಪ್ಪ ಹೊಳೆದಂಡೆಯ ಕಡೆ ಕೈ ತೋರಿಸಿದ. ಗುಡಾರಗಳ ಮೇಲೆ ಹೊಗೆ ಆಡುತ್ತಿತ್ತು.

ಗೌಡರ ಮುಖ ಕಪ್ಪಾಯಿತು.

"ನಮ್ಮ ರೊಟ್ಟಿ ಇರೋ ಜೋಳಿಗೆಗೆ ಅವರದನ್ನ ಹಾಕಿಸಿದಿರಾ?"

"ಹಾಕಿಸಿದ್ವಿ."

"ನಮ್ಮದನ್ನ ತೆಗೆದು ವಾಪಸ್ ಕೊಡು."

ಹಾಲಪ್ಪ ಜೋಳಿಗೆ ಬಗ್ಗಿಸಿ ತೋರಿಸಿದ. ದಾರಿಯಲ್ಲಿ ಕುಲುಕಾಡಿ ರೊಟ್ಟಿ ಎಲ್ಲ ಮುರಿದು ಬೆರೆತಿದ್ದವು. ಎಲ್ಲದಕ್ಕೂ ಚಟ್ನಿ ಮೆತ್ತಿತ್ತು.

"ನಿಮ್ಮದು ಯಾವುದು ಅಂತ ನನಗೆ ಗೊತ್ತಾಗಲ್ಲ ಗೌಡ್ರೇ. ನೀವೇ ಆರಿಸ್ಕೊಳ್ಳಿ."

ಗೌಡರು ಬಗ್ಗಿದರು. ಕೈ ಚಾಚಿದರು. ಜೋಳಿಗೆಯ ಬಾಯಿಯ ಹತ್ತಿರ ಬಂದ ಕೈ ನಿಂತುಬಿಟ್ಟಿತು. ಮುಟ್ಟಲಿಲ್ಲ. ಹಿಂದಕ್ಕೆ ಎಳೆದುಕೊಂಡರು.

"ಚಟ್ನಿ ಚೆನ್ನಾಗಿದೆ ಗೌಡ್ರೇ. ನಮ್ಮವ್ವ ಅರೆದಿದ್ದು," ಎಂದಳು ಹುಲಿಗಿ.

ಆಳುಗಳಲ್ಲಿ ಒಬ್ಬ ನಗು ತಡೆಯಲಾರದೆ ಕೆಮ್ಮಿದ.

"ಆಯ್ತು," ಎಂದರು ಗೌಡರು. "ನಾಳೆಯಿಂದ ಏಳು ಮನೆ ಬಾಗಿಲೂ ನಿಮಗೆ ಬಂದ್. ಮೂರು ಗುಡಾರದ ರೊಟ್ಟಿಯಲ್ಲಿ ಹತ್ತು ಹೊಟ್ಟೆ ತುಂಬಿಸಿ ನೋಡೋಣ. ಎಂಥಾ ಲೆಕ್ಕ ಕಲಿಸ್ತೀರೋ ನಾನೂ ನೋಡ್ತೀನಿ."

ಹೋದರು. ಬೇಲಿಯ ಬಾಗಿಲನ್ನು ದಡಾರನೆ ತಳ್ಳಿದರು. ಅದು ಬಡಿದು ಮತ್ತೆ ತೆರೆದುಕೊಂಡಿತು.

ಮಕ್ಕಳು ಹಾಲಪ್ಪನ ಮುಖ ನೋಡುತ್ತಿದ್ದರು. ಅವನು ರೊಟ್ಟಿ ಹಂಚಿದ. ಎಲ್ಲರಿಗೂ ಬಂತು. ಅಂದಿಗೆ ಬಂತು.

ಉಂಡು ಮಕ್ಕಳು ಹೊಳೆಗೆ ಕೈ ತೊಳೆಯಲು ಓಡಿದರು. ಹಾಲಪ್ಪ ಅಜ್ಜಯ್ಯನ ಮುಂದೆ ಬಂದು ಕೂತ.

"ಮೂರಕ್ಕೆ ಎಷ್ಟು ಸೇರಿದರೆ ಹತ್ತು ಅಂತ ನನಗೆ ಗೊತ್ತು ಅಜ್ಜಯ್ಯ. ಏಳು. ಆ ಏಳನ್ನ ಎಲ್ಲಿಂದ ತರಲಿ?"

"ನಿನಗೆ ಹೆದರಿಕೆ ಆಗ್ತಿದೆಯಾ?"

"ಆಗ್ತಿದೆ."

"ಮತ್ತೆ ಆ ಮೂವರನ್ನ ಕಳಿಸಿಬಿಡೋಣವಾ?"

"ಇಲ್ಲ." ಆ ಮಾತು ಎಷ್ಟು ಬೇಗ ಬಂತೆಂದು ಹಾಲಪ್ಪನಿಗೇ ಆಶ್ಚರ್ಯವಾಯಿತು. "ಕಳಿಸಲ್ಲ. ಅವರು ಹೋದರೆ ನಾನೂ ಹೋಗ್ತೀನಿ."

"ಹಂಗಾದರೆ ನಾಳೆ ಬೆಳಿಗ್ಗೆ ಭಿಕ್ಷೆಗೆ ಹೊರಡು."

"ಮೂರು ಗುಡಾರಕ್ಕೆ?"

"ಹತ್ತಕ್ಕೂ."

"ಏಳು ಬಾಗಿಲು ಮುಚ್ಚಿರುತ್ತವಲ್ಲ."

"ಮುಚ್ಚೋದು ಅವರ ಕೆಲಸ. ಕೂಗೋದು ನಿನ್ನದು. ಗುಡಾರದ ರೊಟ್ಟಿ ಮೊದಲು ಜೋಳಿಗೆಗೆ ಹಾಕಿಸ್ಕೋ. ಆಮೇಲೆ ಊರಿಗೆ ಹೋಗು. ಕೊಡೋರು ಅದನ್ನ ಕಂಡೇ ಕೊಡಲಿ."

"ಕೂಗಿದರೂ ತೆಗೀದೇ ಇದ್ದರೆ? ಮುಚ್ಚಿದ ಬಾಗಿಲ ಮುಂದೆ ನಾನೇನು ಮಾಡಲಿ ಅಜ್ಜಯ್ಯ?"

ಅಜ್ಜಯ್ಯ ಜೋಳಿಗೆ ಒದರಿ, ಮಡಿಸಿ, ಅವನ ಕೈಗಿಟ್ಟರು.

"ತೆರೆದ ಬಾಗಿಲ ಮುಂದೆ ನಿಂತದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲು."